ಲಾಭ, ಎರಡು, ಮೂರು

ಗ್ರಿಮ್ಸ್‌ಬಿ. ಮಂಗಳವಾರ, ಸಂಜೆ ಏಳು.
ಮೀನು-ಚಿಪ್ಸ್ ಅಂಗಡಿಯ ಮೇಲಿನ ಕೋಣೆ,
ಮೆಟ್ಟಿಲಿಗೂ ವಿನೆಗರ್ ವಾಸನೆ.
ಹನ್ನೆರಡು ಪೌಂಡಿನ ಸೆಕೆಂಡ್ ಹ್ಯಾಂಡ್ ಗಿಟಾರು
ಒಲ್ಲದ ಕೂಸಿನ ಹಾಗೆ ಮಡಿಲಲ್ಲಿ ಸೆಟೆದು ಕೂತಿದೆ.

ಡೆಸ್ಮಂಡ್ ಥರ್ಲ್‌ಬಿಗೆ ಎಪ್ಪತ್ತಾರು. ಎಡಗೈಯ ಕಿರುಬೆರಳನ್ನು
ಬಲೆ ಎಳೆಯುವ ರಾಟೆಯೊಂದು
ಐಸ್‌ಲ್ಯಾಂಡ್ ಕಡೆಯ ಕಡಲಲ್ಲಿ ಯಾವತ್ತೋ ಇಸಕೊಂಡಿದೆ.
"ಮೂರಿದ್ದರೆ ಸಾಕು, ನಾಲ್ಕನೆಯದು ಜಂಭಕ್ಕೆ" ಅನ್ನುತ್ತಾನೆ.
ನೀಲಾಂಬಿಕೆ ಎನ್ನಲು ನಾಲಿಗೆ ತಿರುಗದೆ
ನನ್ನನ್ನು ನೀಲ್ ಅಂತಾನೆ.
ಇಲ್ಲಿ ಅದು ಗಂಡಸರ ಹೆಸರು.
ಇರಲಿ, ನನಗದು ಹೊಸದಲ್ಲ.

ರಾಣೆಬೆನ್ನೂರಿನ ಶಾಲೆ, ಐದನೇ ಇಯತ್ತೆ.
ಪ್ರಾರ್ಥನೆಯ ಸಾಲಿನಲ್ಲಿ ಗಿರಿಜಕ್ಕೋರು
ನನ್ನ ಹತ್ತಿರ ಬಂದು, ಬಾಗಿ, ಕಿವಿಗೊಟ್ಟು ಹೇಳಿದ್ದರು:
"ನಿಂದು ಗಂಡು ಗಂಟಲು. ನೀ ಬರೇ ಬಾಯಿ ಆಡ್ಸು."
ಆಡಿಸಿದೆ.
ತಂಗಿಯ ಮದುವೆಯ ಸೋಬಾನೆಗೆ ಆಡಿಸಿದೆ.
ಮಗಳ ತೊಟ್ಟಿಲ ಮುಂದೆ ಆಡಿಸಿದೆ. ಪಾಪ, ಅವಳು
ಸದ್ದಿಲ್ಲದ ಜೋಗುಳಕ್ಕೂ ನಿದ್ದೆ ಹೋದಳು.
ನಲವತ್ತೊಂದು ವರ್ಷ.

ಹಗಲು ಫ್ಯಾಕ್ಟರಿ. ಮೀನು ಮುಟ್ಟದ ಮನೆಯ ಹುಡುಗಿ
ಗಂಟೆಗೆ ಇನ್ನೂರು ಮೀನಿನ ಮುಳ್ಳು ಕೀಳುತ್ತೇನೆ.
ಎರಡು ಜೊತೆ ಕೈಗವಸು ದಾಟಿ ಬರುವ ಚಳಿಗೆ
ಬೆರಳ ತುದಿಗಳು ಬೇರೆ ಯಾರದೋ ಅನಿಸುತ್ತವೆ.
ಸಂಜೆ ತಂತಿ ಕೊಯ್ದಾಗ
ಉರಿದು, ಮತ್ತೆ ನನ್ನವಾಗುತ್ತವೆ.

ಎಫ್ ಅನ್ನುವ ಪಟ್ಟು ಒಂದಿದೆ:
ತೋರುಬೆರಳನ್ನು ಆರೂ ತಂತಿಗಳ ಮೇಲೆ
ಒಡ್ಡು ಹಾಕಿದ ಹಾಗೆ ಅಡ್ಡ ಮಲಗಿಸಬೇಕು.
ಎಂಟು ವಾರ ಮಲಗಿಸಿದೆ. ಬಂದದ್ದು
ಹಳೇ ಟ್ರಂಕಿನ ಮುಚ್ಚಳ ತೆಗೆದ ಸದ್ದು.
"ಹಿಸುಕಬೇಡ ನೀಲ್, ಅದೇನು ಓಡಿಹೋಗುವುದಿಲ್ಲ."

ತಾಳ ಇನ್ನೂ ಕಷ್ಟ. ಒನ್ ಟೂ ತ್ರೀ ಫೋರ್
ಎಂದು ಹೊರಟರೆ ಬಲಗೈ
ಬಸ್ಸಿನ ಹಾರನ್ನಿಗೆ ಬೆದರಿದ ಕರು,
ಎರಡಕ್ಕೆ ಮುಗ್ಗರಿಸಿ ನಾಕನ್ನು ಹಾರಿಬಿಡುತ್ತದೆ.
ಡೆಸ್ಮಂಡ್ ಬೂಟಿನಿಂದ ನೆಲ ಕುಟ್ಟಿದ,
ಬೆಂಕಿಪೊಟ್ಟಣ ಅಲುಗಿಸಿದ, ಕೊನೆಗೆ
ಕಿಟಕಿ ತೆಗೆದು ಕಡಲಹಕ್ಕಿಗಳನ್ನು ಬೈದು ಬಂದು ಕೇಳಿದ:
"ನಿಮ್ಮ ಮನೆಯಲ್ಲಿ ಹೇಗೆ ಎಣಿಸುತ್ತಿದ್ದರು?"

ಮಂಡಿಯಲ್ಲಿ ಅಪ್ಪ ಜೋಳ ಅಳೆಯುತ್ತಿದ್ದ.
ಒಂದು ಎಂದು ಎಂದೂ ಬಾಯಿಬಿಟ್ಟು ಅಂದವನಲ್ಲ.
ಮೊದಲ ಸೇರು ಸುರಿದು, ಲಾಭ.
ಕಾಳಿನ ಸದ್ದು. ಎರಡು.
ಕಾಳಿನ ಸದ್ದು. ಮೂರು.
ಯಾರ ಜೋಳವೋ, ಯಾರ ಚೀಲವೋ,
ಮೊದಲು ಲಾಭ.
ಅವನದು ತಗ್ಗಿನ ದನಿ, ಬಾವಿಯ ತಳದ್ದು.
ನನಗೆ ಬಂದಿದ್ದು ಅದೇ. ಅಕ್ಕೋರಿಗೆ ಇದನ್ನು
ಹೇಳಬಹುದಿತ್ತು, ಹತ್ತು ವರ್ಷದವಳಿಗೆ ಹೊಳೆದಿದ್ದರೆ.

ಲಾಭ, ಅಂದೆ.
ಕೈ ಇಳಿಯಿತು.
ಎರಡು. ಮೂರು. ನಾಕು.
ತಂತಿಗಳಿಂದ ಕಾಳು ಸುರಿಯಿತು.
ಮತ್ತೆ ಲಾಭ.
ಅಪ್ಪನಿಗೆ ರಾಶಿಗೊಂದೇ ಲಾಭ,
ನನಗೆ ನಾಕಕ್ಕೊಮ್ಮೆ!

ಎಣಿಕೆ ಯಾವಾಗ ಜಾರಿ ಹಾಡಿಗೆ ಬಿತ್ತೋ ತಿಳಿಯದು.
ಮಾತೇನೂ ಇರಲಿಲ್ಲ, ಕಥೆಗೆ ಹೂಂಗುಟ್ಟುವವರ ಹಾಗೆ
ಬರೀ ಒಂದು ಹೂಂ, ಉದ್ದಕ್ಕೆ.
ಗಿಟಾರಿನ ಬೆನ್ನು ನನ್ನ ಪಕ್ಕೆಲುಬಿಗೆ ತಾಗಿ ನಡುಗಿತು,
ಯಾರು ಮೊದಲು ನಡುಗಿದ್ದೋ.
ಕೆಳಗೆ ಕರಿಯುವ ಸದ್ದು ಒಂದು ಗಳಿಗೆ ನಿಂತಿತು.
ಕೇಳಿಸಿಕೊಂಡರೋ,
ಆಲೂಗಡ್ಡೆ ಮುಗಿದಿತ್ತೋ.

ಡೆಸ್ಮಂಡ್ ಹೊಗಳಲಿಲ್ಲ. ಕನ್ನಡಕ ಒರೆಸಿಕೊಂಡ.
"ಎರಡನೇ ತಂತಿ ಶ್ರುತಿ ಇಳಿದಿದೆ" ಅಂದ.
ಆಮೇಲೆ, ತಿರುಪು ತಿರುಗಿಸುತ್ತಲೇ,
"ಬರುವ ತಿಂಗಳು ನಾವಿಕರ ಹಾಲಿನಲ್ಲಿ
ಹಾಡುವವರ ಪಟ್ಟಿ ಮಾಡುತ್ತಿದ್ದಾರೆ. ನೀಲ್ ಅಂತ ಬರೆಯಲೆ?"

ಬೇಡ ಅನ್ನಲಿಕ್ಕೇ ಬಾಯಿ ತೆರೆದದ್ದು.
"ಪೂರ್ತಿ ಹೆಸರು ಬರಿ" ಅಂದುಬಿಟ್ಟೆ.
"ಒಂದೊಂದೇ ಅಕ್ಷರ ಹೇಳುತ್ತೇನೆ."
ಚಿಪ್ಸ್ ಕಟ್ಟುವ ಕಾಗದದ ಮೇಲೆ ಒತ್ತಿ ಒತ್ತಿ ಬರೆದ,
ಅಂಚು ಸಾಲದೆ ಕೊನೆಯದು ಕೆಳಗಿಳಿಯಿತು.

ಎಫ್ ಮಾತ್ರ ಇನ್ನೂ
ಟ್ರಂಕಿನ ಮುಚ್ಚಳವೇ.