ಸಾಕ್ಷಿ ಮರ

ನದಿಯ ಆಚೆ, ಕೆಂಟಕಿಯಲ್ಲಿ,
ಅಪ್ಪ ಐದರಲ್ಲಿ ಮೂರು ಪಾಲು ಮನುಷ್ಯ;
ದೂರದ ರಾಜಧಾನಿಯ ಜನಗಣತಿಯಲ್ಲಿ ಹಾಗೇ ಲೆಕ್ಕ.
ಈಚೆ ದಡಕ್ಕೆ ಬಂದಾಗ ಪೂರ್ತಿಯಾದ.
ಇಂಡಿಯಾನಾದಲ್ಲಿ ಗುಲಾಮಗಿರಿ ಇಲ್ಲವೆಂದು ಓದಿ ಹೇಳಿದವರೇ
ಮೇಜಿನ ಮೇಲೊಂದು ಕಾಗದ ಸರಿಸಿ
ಇಲ್ಲಿ ಗೀಟು ಹಾಕು ಐಸಮ್, ಎಂದರು.
ತೊಂಬತ್ತು ವರ್ಷದ ಕರಾರು.
ಅವನಿಗಾಗ ಮೂವತ್ತೊಂದು.
"ನೂರ ಇಪ್ಪತ್ತೊಂದು ತುಂಬಿದ ಬೆಳಿಗ್ಗೆ ಬಿಡುಗಡೆ" ಎಂದು
ಜೋಳದ ಗಂಜಿ ಕಲಕುತ್ತ ನಗುತ್ತಿದ್ದ.

ಸರ್ವೆಯ ಥ್ರಾಪ್ ಅವನನ್ನು ಬಾಡಿಗೆಗೆ ಹಿಡಿದ,
ಎರಡು ಹೇಸರಗತ್ತೆಗಳ ಜೊತೆಗೆ.
ಕಾಡನ್ನು ಚೌಕ ಚೌಕವಾಗಿ ಕೊಯ್ದು ಮಾರಲು ಹುಕುಂ ಬಂದಿತ್ತು.
ಅರವತ್ತಾರು ಅಡಿ ಸರಪಳಿ, ನೂರು ಕೊಂಡಿ,
ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ.
ಮುಂದಿನವನು ಕಡ್ಡಿ ಚುಚ್ಚಿ "ನೆಟ್ಟೆ!" ಅನ್ನಬೇಕು
ಹಿಂದಿನವನು ಬಂದು ಮುಟ್ಟಿ "ಕಿತ್ತೆ!" ಅನ್ನಬೇಕು.
ಅಪ್ಪ ಹಿಂದಿನವನು.
ಏಳು ವರ್ಷ ಕಿತ್ತ.

ವಾಬಾಶ್ ನದಿಯ ಬಾಗಿನಲ್ಲಿ
ಪಿಯಾಂಕಶಾ ಮುದುಕಿಯೊಬ್ಬಳು ಹೊಲದ ನಡುವೆ ನಿಂತು
ತನ್ನ ಕುಂಬಳ ಬಳ್ಳಿಗಳ ಮೇಲೆ ಸರಪಳಿ ಹರಿಯುವುದನ್ನು ನೋಡಿದಳು.
ಬೈಯಲಿಲ್ಲ. ಕಲ್ಲೆತ್ತಲಿಲ್ಲ.
ಅಪ್ಪ ಒಂದೊಂದೇ ಬಳ್ಳಿ ಎತ್ತಿ ಅಡಿಯಿಂದ ಎಳೆದ.
ಕಾಯಿ ಒಂದೂ ಮುರಿಯಲಿಲ್ಲ, ನೆಲ ಮಾತ್ರ ಹೋಯಿತು.
ಥ್ರಾಪ್ ಪುಸ್ತಕದಲ್ಲಿ ಬರೆದ: ಎರಡನೆಯ ದರ್ಜೆ ಮಣ್ಣು, ಉಳುಮೆಗೆ ಯೋಗ್ಯ.
ಈ ಮಾತಿಗೆ ಬಂದಾಗಲೆಲ್ಲ ಅಪ್ಪನ ದನಿ ತಗ್ಗುತ್ತಿತ್ತು;
ಕಿತ್ತೆ ಎಂದದ್ದು ನಾನೇ ಅಲ್ಲವೇ, ಕೆಜಾಯಾ,
ಎಂದು ನನ್ನನ್ನೇ ಕೇಳುತ್ತಿದ್ದ.
ಏನು ಹೇಳಲಿ?

ಮೂಲೆ ಮೂಲೆಗೆ ಒಂದು ಮರ ಆರಿಸಿ
ತೊಗಟೆ ಸುಲಿದು ಅಂಕೆ ಕೆತ್ತುತ್ತಿದ್ದರು.
ಸಾಕ್ಷಿ ಮರ ಎಂದು ಅದರ ಹೆಸರು.
ನಾಳೆ ಗಡಿಯ ಜಗಳವಾದರೆ
ಬೀಚ್ ಮರದ ಮಾತು ನ್ಯಾಯಾಲಯದಲ್ಲಿ ನಡೆಯುತ್ತದೆ.
ಬಿಳಿಯನ ವಿರುದ್ಧ ಅಪ್ಪನ ಮಾತು ನಡೆಯದು,
ಅದೂ ಕಾನೂನೇ.
ಹದಿನಾರನೆಯ ಚೌಕ ಶಾಲೆಗೆ ಮೀಸಲು;
ಆ ಶಾಲೆಯ ಬಾಗಿಲು ನನಗಿಲ್ಲ.
ನನ್ನ ಅಕ್ಷರವೆಲ್ಲ ಮರದ ಮೈಯಲ್ಲಿ ಕಲಿತದ್ದು.

ರಾತ್ರಿ ನದಿ ದಾಟಿ ಬಂದವರಿಗೆ
ಅಪ್ಪ ಕಲಿಸಿದ್ದೂ ಅದನ್ನೇ.
ಪಾಚಿಯನ್ನು ನಂಬಬೇಡಿ, ಅದು ಎಲ್ಲ ಕಡೆ ಬೆಳೆಯುತ್ತದೆ.
ನಕ್ಷತ್ರವನ್ನು ಮೋಡ ನುಂಗುತ್ತದೆ.
ಕತ್ತಲಲ್ಲಿ ಮರ ತಡವಿ, ಬೆರಳು ಸಾಕು:
ನೆಟ್ಟಗೆ ಎರಡು ಕೋಲು, ನಡುವೆ ಓರೆಯಾಗಿ ಒಂದು,
ಅದು ಉತ್ತರ.
ಪಕ್ಕದ ಅಂಕೆ ಏರುತ್ತಿದ್ದರೆ ನಡೆಯಿರಿ,
ಇಳಿಯುತ್ತಿದ್ದರೆ ತಿರುಗಿ.
ಸರ್ಕಾರ ಮಾರಾಟಕ್ಕೆಂದು ಕೆತ್ತಿದ ಲೆಕ್ಕ
ಬರಿಗಾಲಿನ ಒಬ್ಬ ಹುಡುಗನನ್ನು
ಆರು ಆರು ಮೈಲಿಯಂತೆ ಕೈಹಿಡಿದು ನಡೆಸಿತು.

ಇಪ್ಪತ್ತಾರು ವರ್ಷದ ಮೇಲೆ
ಹೊಳ್ಕಂಬ್ ಮತ್ತು ಡ್ರೇಕ್‌ಫೋರ್ಡ್, ಇಬ್ಬರೂ ಬಿಳಿಯರು,
ಒಂದು ಬೇಲಿಗಾಗಿ ಕೋರ್ಟಿಗೆ ಹೋದರು.
ಮರವನ್ನೇ ಕಡಿದು ದಿಮ್ಮಿ ತಂದರು.
ಗಾಯದ ಮೇಲೆ ಇಪ್ಪತ್ತಾರು ಸುತ್ತು ತೊಗಟೆ, ಮರ;
ಉಳಿಯಿಂದ ಬಿಡಿಸಿದಾಗ ಥ್ರಾಪನ ಅಂಕೆ ನಿನ್ನೆ ಕೆತ್ತಿದಂತಿತ್ತು.
ಅದರ ಕೆಳಗೆ, ಪುಸ್ತಕದಲ್ಲಿ ಎಲ್ಲೂ ಇಲ್ಲದ,
ಕಿರುಬೆರಳುದ್ದದ ಕಚ್ಚುಗಳ ಸಾಲು.
ಗುಮಾಸ್ತ ಎಣಿಸಿದ. ಇಪ್ಪತ್ತಮೂರು.
ಇದೇನು, ಯಾರಿಗಾದರೂ ಗೊತ್ತೇ, ಎಂದು ಜಡ್ಜ್ ಕೇಳಿದ.

ಬಾಗಿಲಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಅಪ್ಪ.
ಸಾಕ್ಷಿ ಹೇಳಬಾರದವನು ಹೇಳಲಿಲ್ಲ.
ಆ ಕಾನೂನನ್ನು ಅವನು ಮನಸಾರೆ ಪಾಲಿಸಿದ್ದು
ಅದೊಂದೇ ಸಲ.

ಮನೆಗೆ ಬರುವ ದಾರಿಯಲ್ಲಿ ಕೆಮ್ಮು ನಿಲ್ಲಿಸಿ ಅಂದ:
"ಗುಮಾಸ್ತ ಒಂದು ಬಿಟ್ಟ.
ಒಬ್ಬಳ ಬೆನ್ನಿಗೆ ಕೂಸು ಕಟ್ಟಿತ್ತು.
ಕೂಸಲ್ಲವೇ ಎಂದು ಚಿಕ್ಕದಾಗಿ ಕಚ್ಚಿದ್ದೆ,
ತೊಗಟೆ ತಿಂದಿರಬೇಕು.
ನೀನು ಇಪ್ಪತ್ತನಾಲ್ಕು ಅಂತಲೇ ಇಟ್ಟುಕೋ."