ಮಗ್ಗ ನಿಂತ ಮೇಲೆ

ಬೆಟಗೇರಿಯಲ್ಲಿ ನಿದ್ದೆ ಅಂದರೆ ಸದ್ದಿನ ಮೇಲೆ ಹಾಸಿದ ಕೌದಿ.
ಆಚೆ ಮನೆಯ ಪವರ್‌ಲೂಮು ಖಟಾ ಖಟ್,
ಈಚೆ ಮನೆಯದು ಅರ್ಧ ಗತಿ ಹಿಂದೆ.
ಹುಟ್ಟಿದಾಗಿನಿಂದ ಅದೇ ಜೋಗುಳ. ನಿಂತರೆ ಎಚ್ಚರ.

ಒಂದು ರಾತ್ರಿ ಕರೆಂಟು ಹೋಯಿತು.
ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ಬಾಯಿ ಮುಚ್ಚಿದವು.
ಒಂದು ಮಾತ್ರ ನಡೆದೇ ಇತ್ತು,
ಕರ್... ಕರ್ರ್...
ಕಾಳಿಲ್ಲದೆ ತಿರುಗುವ ಬೀಸುಕಲ್ಲಿನ ಹಾಗೆ.
ಇಲಿ ಅಂದುಕೊಂಡು ಬ್ಯಾಟರಿ ಹಾಕಿದೆ.
ದ್ರಾಕ್ಷಾಯಣಿ ನನ್ನ ಕಡೆ ಮುಖ ಮಾಡಿ ಮಲಗಿದ್ದಳು.
ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ
ಒಂದು ಗಂಟು ಏಳುತ್ತಿತ್ತು, ಇಳಿಯುತ್ತಿತ್ತು.

ಬ್ಯಾಟರಿ ಆರಿಸಿದೆ.
ಹಗಲಲ್ಲಿ ಅವಳ ತಮ್ಮನ ದುಡ್ಡಿನ ಮಾತಿಗೆ ಜಗಳವಾಗಿತ್ತು.
ನನ್ನ ಮ್ಯಾಲೆ ಹಲ್ಲು ಮಸೀಲಿಕತ್ಯಾಳ, ಅಂದುಕೊಂಡೆ.
ಹೆಂಡತಿ ನಿದ್ದೆಯಲ್ಲಿ ಹಲ್ಲು ಮಸೆದರೆ
ಯಾವ ಗಂಡ ಬೆಳಿಗ್ಗೆದ್ದು ವಿಚಾರಿಸುತ್ತಾನೆ?

ಹೀಗೆ ಒಂಬತ್ತು ವರ್ಷ.

ಒಂಬತ್ತು ವರ್ಷ ಅವಳು ಎದ್ದ ಕೂಡಲೆ
ಎರಡು ಹೆಬ್ಬೆರಳು ಕಣತಲೆಗೆ ಒತ್ತಿ ಕೂತಳು.
ಚಹಾ ಕುಡಿದರೆ ಹೋದೀತು ಅಂದರು,
ಚಹಾ ಬಿಟ್ಟರೆ ಹೋದೀತು ಅಂದರು.
ಪಿತ್ತ ಅಂದರು, ಲಿಂಬೆಹಣ್ಣು.
ದೃಷ್ಟಿ ಅಂದರು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ.
ಹುಬ್ಬಳ್ಳಿಯಲ್ಲಿ ಚಸ್ಮಾ ಬಂತು,
ದೊಡ್ಡಾಸ್ಪತ್ರೆಯಲ್ಲಿ ತಲೆಯ ಫೋಟೋ,
ಏನೂ ಇಲ್ಲ ಅಂತ ಒಂದು ಕಾಗದ.
"ನನ್ನ ತಲ್ಯಾಗ ಏನೂ ಇಲ್ಲಂತ, ಸರಕಾರನ ಬರದು ಕೊಟ್ಟೈತಿ ನೋಡ್ರಿ"
ಅಂತ ಅವಳು ನಕ್ಕಳು.
ನಗುವಾಗ ದವಡೆ ಟಕ್ ಅಂದದ್ದು ನನಗೆ ಕೇಳಿಸಿತು.
ಅದನ್ನೂ ಹೇಳಲಿಲ್ಲ.

ಕೊನೆಗೆ ಉಪಕಾರ ಮಾಡಿದ್ದು
ಗಿರಮಿಟ್ಟಿನೊಳಗಿನ ಒಂದು ಶೇಂಗಾಕಾಳು.
ದವಡೆಹಲ್ಲಿನ ಮೂಲೆ ಮುರಿಯಿತು.
ಟಾಂಗಾಕೂಟದ ಮಾಳಿಗೆ ಮೇಲೆ ಬೇಪಾರಿ ಡಾಕ್ಟರು,
ಸಣ್ಣ ವಯಸ್ಸಿನ ಹೆಣ್ಣುಮಗಳು.
ಹಲ್ಲು ನೋಡಿದರು, ಹಲ್ಲು ಬಿಟ್ಟು ಕೆನ್ನೆ ಒತ್ತಿದರು,
ಕೆನ್ನೆ ಬಿಟ್ಟು ಕಣತಲೆ.
"ಅದರೀ! ಅದ ನೋವು!" ಚೀರಿದಳು ದ್ರಾಕ್ಷಾಯಣಿ.
ಊರೂರು ಹುಡುಕಿದ ವಿಳಾಸ
ಒಂದು ಬೆರಳಿನ ಕೆಳಗಿತ್ತು.

"ಹಲ್ಲು ಸವದು ಹಲಗಿ ಆಗ್ಯಾವ.
ಜಗಿಯೋ ಸ್ನಾಯು ಕಿವಿ ಮ್ಯಾಲಿನತನಕ
ಬೀಸಣಿಗಿ ಹಂಗ ಹರಡಿರತೈತಿ.
ರಾತ್ರಿಯೆಲ್ಲ ದುಡದು, ಮುಂಜಾನೆ ಕೂಲಿ ಕೇಳತೈತಿ."
ಆಮೇಲೆ ನನ್ನ ಕಡೆ ತಿರುಗಿದರು.
"ಬಾಜೂಕ ಮಲಗೋರು ನೀವಲ್ಲ? ಸಪ್ಪಳ ಕೇಳಿಲ್ಲೇನು?"

ಗೋಡೆಯ ಮೇಲೆ ಬಣ್ಣದ ದವಡೆಯ ಚಿತ್ರವಿತ್ತು. ಅದನ್ನೇ ನೋಡಿದೆ.
"ಮಗ್ಗದ ಗದ್ದಲರೀ," ಅಂದೆ.

ನಾವು ನೇಯ್ದ ಮೂರು ಸೀರೆಯ ಬೆಲೆಗೆ
ಗಾಜಿನಂಥ ಒಂದು ಅಚ್ಚು, ರಾತ್ರಿ ಹಾಕಿಕೊಳ್ಳಲು.
ಹಗಲಿಗೆ ಪುಕ್ಕಟೆ ಒಂದು ಮಾತು:
"ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರ್ರಿ.
ಹಲ್ಲಿಗೆ ಹಲ್ಲು ಹತ್ತೋದು ಉಣ್ಣೋವಾಗಷ್ಟ."
"ಹಲ್ಲು ಕಚ್ಚಿಕೊಂಡು ಬಾಳ್ವೆ ಮಾಡು ಅಂತ
ಅವ್ವ ಹೇಳಿ ಕಳಿಸಿದ್ಳರೀ," ಅಂದಳು ದ್ರಾಕ್ಷಾಯಣಿ,
"ಹಲ್ಲು ಬಿಡು ಅಂದವರು ನೀವ ಮೊದಲನೇದವರು."
ಇಬ್ಬರೂ ಹಲ್ಲು ಬಿಟ್ಟರು. ನಾನು ಚಪ್ಪಲಿ ಹುಡುಕಿದೆ.

ನೋವು ಪೂರ್ತಿ ಹೋಗಿಲ್ಲ.
ವಾರಕ್ಕೊಮ್ಮೆ ಹೆಬ್ಬೆರಳುಗಳು ಹಳೆಯ ಜಾಗಕ್ಕೆ ಹೋಗುತ್ತವೆ.
ಎಳೆ ಕಡಿಯಲು ಈಗ ಹಲ್ಲಲ್ಲ,
ಕೊರಳಿಗೆ ದಾರ ಕಟ್ಟಿದ ಸಣ್ಣ ಕತ್ತರಿ.

ಮೊನ್ನೆ ಮತ್ತೆ ಕರೆಂಟು ಹೋಯಿತು.
ಓಣಿ ನಿಂತಿತು. ಕಿವಿಗೊಟ್ಟೆ.
ಉಸಿರು, ಬರೀ ಉಸಿರು.
ಅದು ಸಿಟ್ಟಲ್ಲ, ನಿದ್ದೆಯ ಒಂದು ಚಾಳಿ, ಅಂದಿದ್ದರು ಡಾಕ್ಟರು.
ನಂಬಿದ್ದೇನೆ, ಮುಕ್ಕಾಲು.
ಕತ್ತಲಿಗೇ ಹೇಳಿದೆ:
"ನನಗ ಕೇಳಿಸ್ತಿತ್ತು. ಮೊದಲಿನಿಂದ."

ಎಚ್ಚರಿದ್ದಳೋ ಏನೋ,
ಬಾಯೊಳಗಿನ ಅಚ್ಚು ತೆಗೆಯದೆ
ಸಕಾರವೆಲ್ಲ ಥಕಾರವಾಗಿ
ಏನೋ ಅಂದಳು.
ಏನಂದಿ, ಅನ್ನುವಷ್ಟರಲ್ಲಿ ಕರೆಂಟು ಬಂತು,
ಆಚೆ ಮನೆಯ ಮಗ್ಗ ಶುರುವಾಯಿತು.