ಮೂಗಿನ ತುದಿ

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆಯುತ್ತಾನಂತೆ.
ನೀನು ಬಂದು ಹನ್ನೊಂದು ದಿನ,
ಒಂದು ಕರ್ಚೀಫು ಒಗೆದದ್ದು ಕಾಣೆ.

ಕಂಪನಿಯವಳು ಎಂಬಿಟದ ದೋಣಿದಡಕ್ಕೇ ಬಂದಿದ್ದಳು,
ಹಳದಿ ಕೊಡೆ, ಹಳದಿ ಅಂಗಿ, ಹಳದಿ ನಗು:
"ದಿನಕ್ಕೆ ಬರೀ ಎಪ್ಪತ್ತು ಶಿಲ್ಲಿಂಗು ಅಮ್ಮಾ,
ವರ್ಷ ಕಳೆದರೆ ನಿಮ್ಮದೇ."
ಗುಂಡಿ ಫೋನನ್ನು ಉಪ್ಪಿನ ಡಬ್ಬಿಯ ಪಕ್ಕ ಮಲಗಿಸಿದೆ.
ಪಾಪ, ಅದರ ಐದರ ಅಂಕಿ ಸವೆದಿತ್ತು,
ಎರಡು ಸಲ ಸರೋವರಕ್ಕೆ ಬಿದ್ದು ಎದ್ದಿತ್ತು,
ಒತ್ತಿದರೆ ಟಕ್ ಅನ್ನುತ್ತಿತ್ತು.
ಹೇಳಿದ್ದು ಕೇಳಿಸಿತು ಎನ್ನಲು
ಆ ಒಂದು ಟಕ್ ಸಾಕಿತ್ತು ನನಗೆ.

ನೀನೋ,
ಸವರಿದರೂ ಸುಮ್ಮನೆ, ಕುಟ್ಟಿದರೂ ಸುಮ್ಮನೆ.
ನಾನು ಬೇಸತ್ತು ಬೋಗುಣಿಯ ಕಡೆ ತಿರುಗಿದ ಮೇಲೆ
ಮೊದಲು ಹೇಳಿದ್ದು, ಆಮೇಲೆ ಹೇಳಿದ್ದು, ಬೈದದ್ದು,
ಎಲ್ಲವನ್ನೂ ಒಟ್ಟಿಗೆ ಮಾಡುತ್ತೀ,
ನಿದ್ದೆಯಿಂದ ಎಬ್ಬಿಸಿದ ಹುಡುಗ
ಚಡ್ಡಿಯೊಳಗೆ ತಲೆ ತೂರಿಸಿದ ಹಾಗೆ.

ಮಂಗಳವಾರ ಬೆಳಗಿನ ಜಾವ
ದೋಣಿಗಳು ದೀಪ ಆರಿಸಿ ಬರುತ್ತಿದ್ದವು.
ಓಬುಯನಿಂದ ಎರಡು ಬೋಗುಣಿ ಒಮೆನಾ,
ಕಿರುಬೆರಳುದ್ದದ ಬೆಳ್ಳಿ, ಇನ್ನೂ ಮಿಸುಕುತ್ತಿತ್ತು.
ಒಂಬೈನೂರು. ಒತ್ತಿದೆ.
ಗಾಜಿನೊಳಗೆ ಒಂದು ಬಳೆ ಸುತ್ತುತ್ತಲೇ ಇತ್ತು.
ಮತ್ತೆ ಒತ್ತಿದೆ.
ಹೋಯಿತು ಹಣ, ಎರಡು ಸಲ.
ಓಬುಯ, ಹಾಲಿಗೆ ಬಿದ್ದ ನೊಣವನ್ನೂ ಚೀಪಿ ಎಸೆಯುವವನು,
"ನನಗೆ ಒಂದೇ ಬಂದಿದೆ ತಾಯಿ" ಎಂದ,
"ನನ್ನ ಫೋನೂ ಸ್ವಲ್ಪ ನಿಧಾನ."
ಗುರುವಾರ ಸಂಜೆ ನಾನು ಅವನ ಹೆಂಡತಿಯ ಮುಂದೆ ಕೂಗಾಡುವ ತನಕ
ಅದು ನಿಧಾನವಾಗಿಯೇ ಇತ್ತು.

ಶುಕ್ರವಾರ ಎಪ್ಪತ್ತು ಕಟ್ಟಲು ಮರೆತೆ.
ಆಗ ನೋಡಬೇಕಿತ್ತು ನಿನ್ನ ಚುರುಕು!
ನಡುರಾತ್ರಿ ಹನ್ನೆರಡು ಆದದ್ದೇ ತಡ
ಮೊಸಳೆಯ ಬಾಯಿಯಂತೆ ಮುಚ್ಚಿಕೊಂಡೆ.
ಆವತ್ತು ತಿಳಿಯಿತು,
ಕಿವುಡನಲ್ಲ ನೀನು,
ಬೇರೆ ಯಾರದೋ ಮಾತು ಕೇಳುವವನು.

ಬಾಕಿ ಕಟ್ಟಿ, ಚಾರ್ಜಿಂಗ್ ಅಂಗಡಿಯ ಒಕಿಂಡನ ಹತ್ತಿರ ಒಯ್ದೆ.
ನಾನು ಕೇಳದೆ ನಿನ್ನೊಳಗೆ ಬಂದು ಕೂತಿದ್ದವರನ್ನೆಲ್ಲ
ಅವನು ಒಬ್ಬೊಬ್ಬರನ್ನಾಗಿ ಹೊರಗಟ್ಟಿದ.
ಆಮೇಲೆ ನನ್ನ ತೋರುಬೆರಳು ಹಿಡಿದು ಬಿಸಿಲಿಗೆ ತಿರುಗಿಸಿದ:
"ಇದು ಚರ್ಮವಲ್ಲ ಅಮ್ಮಾ, ಚಪ್ಪಲಿ.
ಮುಟ್ಟಿದ್ದು ಮನುಷ್ಯರೋ ಕಡ್ಡಿಯೋ
ಗಾಜಿಗೆ ಗೊತ್ತಾಗುತ್ತಿಲ್ಲ."
ಮೂವತ್ತು ವರ್ಷ ಮರಳಿನ ಮೇಲೆ ಮೀನು ಹರವಿದ ಬೆರಳು.
ಬ್ಯಾಂಕಿನಲ್ಲೂ ಒಮ್ಮೆ ಶಾಯಿ ಹಚ್ಚಿ ಒತ್ತಿಸಿದ್ದರು,
ಗೆರೆಯೇ ಇಲ್ಲ, ಬರೀ ಕಪ್ಪು.
ನಾನು ನಕ್ಕೆ. ಒಕಿಂಡ ನಗಲಿಲ್ಲ,
ಇಪ್ಪತ್ತು ಶಿಲ್ಲಿಂಗನ್ನೂ ತೆಗೆದುಕೊಳ್ಳಲಿಲ್ಲ.

ನಿನ್ನೆ ಎರಡೂ ಕೈ ಮೊಣಕೈ ತನಕ ಮೀನಿನಲ್ಲಿದ್ದಾಗ
ನಾದಿನಿ ಅಪೊಂಡಿಯ ಕರೆ.
ಬಡಕೊಳ್ಳುತ್ತಿದ್ದೀ, ಬಡಕೊಳ್ಳುತ್ತಿದ್ದೀ.
ಬೈಯಲೆಂದೇ ಬಗ್ಗಿದೆ,
ಮೂಗು ತಾಗಿತು,
ತೆರೆದುಕೊಂಡೆ.

"ನಿನಗೆ ಕೋಪ ಮೂಗಿನ ತುದಿಯಲ್ಲೇ"
ಎನ್ನುತ್ತಿದ್ದ ಅವಳಣ್ಣ, ಇದ್ದಾಗ.
ಬೀಗದ ಕೈಯೂ ಅಲ್ಲೇ ಇತ್ತು, ನೋಡು.

ಅಪೊಂಡಿ ಎದುರಿನ ನಡುಗಡ್ಡೆಯವಳು.
ಹೊಗೆಗೂಡಿನ ಮುಂದೆ ನಿಂತಿದ್ದಳು ಗಾಜಿನೊಳಗೆ,
ಬಾಯಿ ಅರ್ಧ ತೆರೆದು,
ತಲೆಯ ಹಿಂದೆ ಹೊಗೆ ಕಂಬದಂತೆ ನಿಂತು,
ಅವಳೂ ಅಲುಗಳು, ಹೊಗೆಯೂ ಅಲುಗದು.

ತಲೆಯೆತ್ತಿದೆ.
ನೀರಿನಾಚೆ ಅದೇ ಹೊಗೆ
ಆಗಲೇ ಎಡಕ್ಕೆ ವಾಲುತ್ತಿತ್ತು.
ನಿನ್ನನ್ನು ಮರಳಿನ ಮೇಲೆ ಬಿಟ್ಟು ಎದ್ದೆ,
ಒಣಗಿದ್ದಷ್ಟನ್ನು ಬಾಚಿ
ಬಲೆಯ ಎರಡನೇ ತುದಿ ಮಡಚುವ ಹೊತ್ತಿಗೆ
ಹಿಂದಿನಿಂದ, ಅವಳ ದನಿಯಲ್ಲಿ, ನೀನು ಹೇಳಿದೆ:

"ಗಾಳಿ ತಿರುಗಿತು ಕಣೇ, ಬೇಗ ಮೀನು ಎತ್ತು."